ದೇವೀರಮ್ಮ ಪಟ್ಟಿಗೆ ಸೇರಿದ್ದು

ನನ್ನ ಅಕ್ಷರ ಚೆನ್ನಾಗಿಲ್ಲ, ಮೊದಲೇ ಕ್ಷಮಿಸಿಬಿಡಿ. ಸ್ಕೂಲು ಬಿಟ್ಟ ಮೇಲೆ ನನ್ನ ಕೈಗೆ ಲೇಖನಿಗಿಂತ ರೇಷ್ಮೆ ಎಳೆಯೇ ಹೆಚ್ಚು ಸಿಕ್ಕಿದೆ, ಹಾಗಾಗಿ ಸಾಲುಗಳು ಒಂದು ಕಡೆ ಏರಿ ಒಂದು ಕಡೆ ಇಳಿದಿವೆ. ಒಳ್ಳೆಯ ಮಾತುಗಳೂ ನನಗೆ ಹೆಚ್ಚು ಗೊತ್ತಿಲ್ಲ. ಮಹಿಳಾ ಸಮಾಜದ ಕೈಬರಹದ ಪತ್ರಿಕೆಗೆ ನಮ್ಮ ಕೊಳ್ಳೇಗಾಲದ ಯಾರಾದರೊಬ್ಬರ ಬಗ್ಗೆ ಬರೆದುಕೊಡು ಎಂದು ಕೇಳಿದ್ದರಿಂದ ನನ್ನ ಸೋದರತ್ತೆಯ ಬಗ್ಗೆ ಬರೆದಿದ್ದೇನೆ. ಹಿರಿಯರನ್ನು ಹೆಸರು ಹಿಡಿದು ‘ಬಂದಳು, ಹೋದಳು’ ಎಂದು ಬರೆದಿರುವುದು ನನ್ನ ಸೊಕ್ಕಲ್ಲ. ಅತ್ತೆಯೇ ಹೇಳಿದ್ದು: “ಅತ್ತೆ ಗಿತ್ತೆ ಅಂತ ಬರೀಬ್ಯಾಡ ಕಣವ್ವ. ಎಸರು ಇಡ್ಕಂಡೇ ಬರಿ. ಆ ಎಸರಿಗೆ ನಾನು ಪಟ್ಟ ಪಾಡು ನಂಗೇ ಗೊತ್ತು.”

ದೇವೀರಮ್ಮ ಹುಟ್ಟಿದ್ದು ಯಳಂದೂರಿನಲ್ಲಿ. ಯಳಂದೂರು ಮೈಸೂರಿಗೆ ಸೇರಿದ್ದು, ಕೊಳ್ಳೇಗಾಲ ಮದ್ರಾಸಿಗೆ. ಎತ್ತಿನ ಗಾಡಿಯಲ್ಲಿ ಅರ್ಧ ದಿನದ ದಾರಿ ಬಂದು, ಬೇರೆ ಸರ್ಕಾರದ ಊರಿನಲ್ಲಿ ನೇಕಾರ ಸುಬ್ಬಯ್ಯನ ಹೆಂಡತಿಯಾದಳು. ಆವತ್ತಿನಿಂದ ಅವಳ ಹೆಸರು ಯಾರ ಬಾಯಲ್ಲೂ ಉಳಿಯಲಿಲ್ಲ. ಅವಳ ಅತ್ತೆಗೆ ‘ಸೊಸೆ’, ನಾದಿನಿಗೆ ‘ಅತ್ತಿಗೆ’, ಬೀದಿಗೆ ‘ಸುಬ್ಬಯ್ಯನ ಮನೆಯವಳು’. ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತ ಸುಬ್ಬಯ್ಯನಿಗೆ ಬಾಯಾರಿದರೆ “ಲೇ ಇವ್ಳೇ” ಎಂದರೆ ಸಾಕು, ನೀರು ಬರುತ್ತಿತ್ತು. ಅವನು ನೇಯುವ ಒಂದೊಂದು ಸೀರೆಯ ರೇಷ್ಮೆಯನ್ನೂ ಬಣ್ಣದ ಬಾನಿಗೆ ಅದ್ದಿ, ಒಣಗಿಸಿ, ರಾಟೆಗೆ ಸುತ್ತಿದವಳು ಅವಳು. ಸೀರೆ ಅಂಗಡಿಗೆ ಹೋಗುವಾಗ ಮಾತ್ರ ಅದು ‘ಸುಬ್ಬಯ್ಯನ ಸೀರೆ’.

ಮೊದಲ ದೊಡ್ಡ ಚುನಾವಣೆಯ ಪಟ್ಟಿ ಬರೆಯಲು ತಾಲ್ಲೂಕು ಕಛೇರಿಯ ಗುಮಾಸ್ತರು ಮನೆಬಾಗಿಲಿಗೆ ಬಂದಾಗಲೂ ಅದೇ ಆಯಿತು. ಸುಬ್ಬಯ್ಯ ಗುಂಡಿಯಿಂದ ಏಳದೆ ಕೂಗಿ ಹೇಳಿದ: “ನಾನು ಸುಬ್ಬಯ್ಯ. ಇನ್ನೊಬ್ಳು ನನ್ನ ಎಂಡ್ರು, ಅಂಗೇ ಬರ್ಕಳಿ ಸಾ.” ಗುಮಾಸ್ತರು ಹಾಗೆಯೇ ಬರೆದುಕೊಂಡರು. ಬೀದಿಯ ಹೆಂಗಸರೆಲ್ಲ ಹಾಗೆಯೇ ಪಟ್ಟಿ ಸೇರಿದರು.

ಕೆಲವು ತಿಂಗಳಾದ ಮೇಲೆ ಬೀದಿಯಲ್ಲಿ ತಮಟೆ ಸದ್ದಾಯಿತು. ‘ಇಂಥವನ ಹೆಂಡತಿ, ಇಂಥವನ ತಾಯಿ ಎಂದು ಬರೆಸಿದವರ ಹೆಸರು ಹೊಡೆದುಹಾಕಲಾಗುವುದು. ಓಟು ಬೇಕಾದವರು ಶುಕ್ರವಾರದೊಳಗೆ ಚಾವಡಿಗೆ ತಾವೇ ಬಂದು ತಮ್ಮ ಹೆಸರನ್ನೂ ಗಂಡನ ಹೆಸರನ್ನೂ ಬಾಯಿಬಿಟ್ಟು ಹೇಳಬೇಕು.’

ದೇವೀರಮ್ಮ ರಾಟೆ ನಿಲ್ಲಿಸಿದಳು.

“ನನ್ನ ಎಸರು ಏನು ಅಂತ ನೆಪ್ಪದಾ ನಿಮ್ಗೆ?”

ಸುಬ್ಬಯ್ಯನ ಕೈಯಲ್ಲಿ ಲಾಳಿ ನಿಂತಿತು. “ಗೊತ್ತಿಲ್ದೆ ಏನು? ಲಗ್ನಪತ್ರಿಕೇಲಿ ಇತ್ತಲ್ಲ.”

“ಲಗ್ನಪತ್ರಿಕೇಲಿ ಏನಿತ್ತು?”

“ದೇವ... ದೇವೀರಿ.” ಅವನಿಗೇ ನಾಚಿಕೆಯಾಗಿ ಜೋರಾಗಿ ಲಾಳಿ ಎಸೆದ.

“ದೇವೀರಮ್ಮ,” ಎಂದು ಅವಳು ತಿದ್ದಿದಳು. “ಅಷ್ಟೊಂದು ಸೀರೇಲಿ ಒಂದರ ಮೇಲೂ ನನ್ನ ಎಸರಿಲ್ಲ. ಒಂದು ಓಟಿನ ಚೀಟಿನಾದ್ರೂ ನನ್ನ ಎಸರಲ್ಲಿ ಬರ್ಲಿ. ನಾನು ಚಾವಡಿಗೆ ಓಯ್ತೀನಿ.”

ಹೋಗುವುದೇನೋ ಹೋಗಬಹುದಿತ್ತು. ಆದರೆ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದು ಹೇಗೆ? ನಮ್ಮ ಕಡೆ ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತದೆ ಎನ್ನುತ್ತಾರೆ. ಆಯಸ್ಸಿನ ಮಾತು ಹಾಗಿರಲಿ, ನಾಲಿಗೆಯೇ ಏಳುವುದಿಲ್ಲ.

ಆಗ ಊರಿನಲ್ಲಿ ದೊಡ್ಡ ಪಕ್ಷಕ್ಕೆ ಎದುರಾಗಿ ಎರಡು ಚಿಕ್ಕ ಪಕ್ಷಗಳಿದ್ದವು. ನೇಕಾರರ ಬೀದಿಯದು ದೀಪದ ಗುರುತಿನ ಪಕ್ಷ. ಅದರ ಮುಂದಾಳು ಬಸವಯ್ಯ, ಅವನ ಬಲಗೈ ನಮ್ಮ ಸುಬ್ಬಯ್ಯ. ಬೇಸಾಯದ ಒಕ್ಕಲಿನವರದು ತಕ್ಕಡಿ ಪಕ್ಷ. ಅದರ ಮುಂದಾಳು ಕೆಂಪನಂಜಪ್ಪ. ಅಜ್ಜೀಪುರದಲ್ಲಿ ಗದ್ದೆ, ಕೊಳ್ಳೇಗಾಲದಲ್ಲಿ ಮನೆ, ಹನೂರು ಸೀಮೆಯಲ್ಲೆಲ್ಲ ನಂಟರು. ಇಬ್ಬರೂ ನಿಂತರೆ ಇಬ್ಬರೂ ಸೋಲುತ್ತಾರೆ ಎಂಬುದು ಮಗ್ಗದ ಗುಂಡಿಯಲ್ಲಿ ಮಲಗುವ ಬೆಕ್ಕಿಗೂ ಗೊತ್ತಿತ್ತು. ಒಬ್ಬರು ಇನ್ನೊಬ್ಬರಿಗೆ ಬಿಟ್ಟುಕೊಡಬೇಕು. ಆದರೆ ‘ನೀವು ನಿಂತುಕೊಳ್ಳಿ’ ಎಂದು ಮೊದಲು ಹೇಳುವವರು ಯಾರು? ಅದಕ್ಕಾಗಿ ಸಭೆ ಸೇರುವರು, ಕಾಫಿ ಕುಡಿಯುವರು, ಹವಾ ಹೇಗಿದೆ ಎಂದು ಮಾತಾಡಿ ಎದ್ದು ಹೋಗುವರು.

ಎರಡು ಬೀದಿಗಳ ನಡುವೆ ಹಳೆಯ ಮನಸ್ತಾಪವೂ ಇತ್ತು. ನೇಕಾರರು ಬೆಳಗಿನ ಹೊತ್ತು ಸೀರೆಯ ಹಾಸುನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ ಎಳೆ ಸರಿಮಾಡುತ್ತಾರೆ. ಅದನ್ನು ಸುತ್ತಿ ಎತ್ತಿದ ಮೇಲೇ ಗಾಡಿಗಳು ಬರಬೇಕು. ಒಮ್ಮೆ ಕೆಂಪನಂಜಪ್ಪನ ಹೆಂಡತಿ ಕೆಂಪಾಜಮ್ಮ ಅಜ್ಜೀಪುರದಿಂದ ಬರುತ್ತಾ, ಬಿಸಿಲೇರುತ್ತದೆ ಎಂದೋ ಏನೋ ಗಾಡಿ ನಿಲ್ಲಿಸದೆ ಹೊಡೆಸಿದಳು. ಹರಿದದ್ದು ದೇವೀರಮ್ಮ ಸುತ್ತಿಕೊಟ್ಟ ಹಾಸು. ಆವತ್ತಿನಿಂದ ಇಬ್ಬರೂ ದಾರಿಯಲ್ಲಿ ಎದುರಾದರೆ ಒಬ್ಬಳು ಆಕಾಶ ನೋಡುವಳು, ಇನ್ನೊಬ್ಬಳು ಚರಂಡಿ ನೋಡುವಳು.

ಶುಕ್ರವಾರ ಬಂತು. ಚಾವಡಿಯ ಮುಂದೆ ಒಂದು ಕಡೆ ನೇಕಾರರ ಹೆಂಗಸರು, ಒಂದು ಕಡೆ ಒಕ್ಕಲಿನ ಹೆಂಗಸರು. ಎದುರು ಪಕ್ಷದವರು ಇಲ್ಲದ ಹೆಂಗಸರನ್ನು ಬರೆಸಿಬಿಟ್ಟಾರೆಂದು ಕಾಯಲು ಬಸವಯ್ಯ ಕಟ್ಟೆಯ ಈ ತುದಿಯಲ್ಲಿ, ಕೆಂಪನಂಜಪ್ಪ ಆ ತುದಿಯಲ್ಲಿ ಕೂತಿದ್ದರು. ಗುಮಾಸ್ತರು ಕನ್ನಡಕ ಏರಿಸಿ ಮೊದಲನೆಯವಳನ್ನು ಕೇಳಿದರು.

“ಹೆಸರು?”

“ಶಿವನಂಜಮ್ಮ.”

“ಗಂಡನ ಹೆಸರು?”

ಶಿವನಂಜಮ್ಮ ಸೆರಗು ಬಾಯಿಗೆ ತುರುಕಿಕೊಂಡಳು.

“ಹೇಳಮ್ಮ.”

“ಅದೇ ಸಾ, ನಮ್ಮನೇಲಿ ಇರ್ತಾರಲ್ಲ, ಅವ್ರು.”

ಎರಡನೆಯವಳು “ನಮ್ಮ ದೊಡ್ಡ ಮಗನ ಅಪ್ಪ” ಎಂದಳು. ಮೂರನೆಯವಳು ಅತ್ತುಬಿಟ್ಟಳು. ಹಿಂದಿನಿಂದ ಗಂಡಂದಿರು ಕೂಗತೊಡಗಿದರು. ಗುಮಾಸ್ತರು ಮೇಜು ಕುಟ್ಟಿದರು: “ಗಂಡಸರ ಮಾತು ಬೇಡ! ಪಕ್ಷದವರ ಆಟ ನನಗೆ ಗೊತ್ತು. ಹೆಂಗಸರೇ ಹೇಳಬೇಕು.”

“ಹೆಂಗ್ಸು ಅಂದ್ರೆ ಅವ್ಳೇ ಆಗ್ಬೇಕಾ ಸಾ?” ಹಿಂದಿನಿಂದ ದೇವೀರಮ್ಮ ಕೇಳಿದಳು. “ಪಕ್ಕದ್ಮನೆಯವಳು ಯೋಳುದ್ರೆ ಆಗಲ್ವಾ? ನನ್ನ ಗಂಡನ ಎಸರು ನಾನು ಯೋಳಂಗಿಲ್ಲ. ಶಿವನಂಜಿ ಗಂಡನ ಎಸರು ಯೋಳೋಕೆ ನಂಗೇನು ಅಡ್ಡಿ?”

ಗುಮಾಸ್ತರು ಕಾಗದ ತಿರುವಿ ನೋಡಿದರು. ಗುರುತು ಹೇಳುವವರು ಒಬ್ಬರಿದ್ದರೆ ಸಾಕು ಎಂದಿತ್ತು. “ಆಯಿತು. ಆದರೆ ಒಬ್ಬಳು ಒಬ್ಬಳಿಗೆ ಮಾತ್ರ. ಒಬ್ಬಳೇ ಬೀದಿಗೆಲ್ಲ ಸಾಕ್ಷಿ ಹೇಳಿದರೆ ನಾನು ಒಪ್ಪುವುದಿಲ್ಲ.”

ಅಲ್ಲಿಂದ ಮುಂದೆ ಕೆಲಸ ಮಗ್ಗದ ಲಾಳಿಯ ಹಾಗೆ ನಡೆಯಿತು. ಇವಳ ಗಂಡನನ್ನು ಅವಳು, ಅವಳ ಗಂಡನನ್ನು ಇವಳು. ದೇವೀರಮ್ಮ ನಿಂತು ಜೋಡಿ ಮಾಡಿ ಕಳಿಸಿದಳು. ಅಳುಬುರುಕಿಯರಿಗೆ ಧೈರ್ಯ ಹೇಳಿದಳು, ಮುದುಕಿಯರನ್ನು ಮುಂದೆ ಬಿಟ್ಟಳು. ಒಕ್ಕಲಿನ ಬೀದಿಯವರೂ ನೋಡಿ ಅದೇ ಉಪಾಯ ಹಿಡಿದರು. ಎಲ್ಲ ಮುಗಿದು ದೇವೀರಮ್ಮ ತಾನು ಹೋಗಿ ನಿಂತಾಗ ಪಕ್ಕದಲ್ಲಿ ಯಾರೂ ಇರಲಿಲ್ಲ. ಬೀದಿಯ ಲೆಕ್ಕ ಬೆಸ. ಎಲ್ಲರ ಸಾಕ್ಷಿಯೂ ಖರ್ಚಾಗಿತ್ತು.

“ನಿಮ್ಮ ಜೊತೆ?” ಗುಮಾಸ್ತರು ಗಡಿಯಾರ ನೋಡಿದರು.

ದೇವೀರಮ್ಮ ಸುತ್ತ ನೋಡಿದಳು. ಚಾವಡಿಯಲ್ಲಿ ಇನ್ನೂ ಒಬ್ಬಳು ಉಳಿದಿದ್ದಳು. ದೊಡ್ಡ ಮನೆಯವಳೆಂಬ ಬಿಗುಮಾನದಲ್ಲಿ ಕೊನೆಗೆ ಬಂದ ಕೆಂಪಾಜಮ್ಮ. ಅವಳೂ ಒಂಟಿ.

ಒಬ್ಬಳು ಆಕಾಶ ನೋಡಿದಳು. ಇನ್ನೊಬ್ಬಳು ಚರಂಡಿ ನೋಡಿದಳು. ಗುಮಾಸ್ತರು ಲೇಖನಿಯ ಮುಚ್ಚಳ ಹಾಕತೊಡಗಿದರು.

“ತಡೀರಿ ಸಾ!” ದೇವೀರಮ್ಮ ಹೋಗಿ ಕೆಂಪಾಜಮ್ಮನ ಕೈ ಹಿಡಿದು ಎಳೆದುಕೊಂಡೇ ಬಂದಳು. “ಇವ್ರು ಕೆಂಪಾಜಮ್ಮ. ಇವ್ರ ಗಂಡ ಕೆಂಪನಂಜಪ್ಪ. ಜನ ಒಳ್ಳೇರೇ, ಗಾಡಿ ಓಡ್ಸೋದು ಮಾತ್ರ ಸರಿಯಿಲ್ಲ.”

ಕೆಂಪಾಜಮ್ಮನ ಮೂಗು ಕೆಂಪಾಯಿತು. “ಇವಳ ಗಂಡ ಸುಬ್ಬಯ್ಯ, ಬರ್ಕಳಿ. ನೇಯೋದ್ರಲ್ಲಿ ಗಟ್ಟಿಗ. ಎಂಡ್ರ ನಾಲ್ಗೆ ಅದ್ಕಿಂತ ಗಟ್ಟಿ.” ಆಮೇಲೆ ಮೆಲ್ಲಗೆ, “ಆವತ್ತು ಮಗೀಗೆ ಜ್ವರ ಇತ್ತು ಕಣವ್ವ. ಗಾಡಿ ಒಳ್ಗೆ ಮಲಗ್ಸಿದ್ದೆ,” ಎಂದಳು.

“ಅದ್ನ ಆವತ್ತೇ ಯೋಳಿದ್ರೆ ನಾನೇ ಹಾಸು ಬಿಚ್ತಿದ್ನಲ್ಲ!”

“ನೀನು ಬಾಯಿ ಬಿಡಕ್ಕೆ ಬಿಟ್ರೆ ತಾನೇ?”

ಹೆಂಗಸರೆಲ್ಲ ನಕ್ಕರು. ಗುಮಾಸ್ತರೂ ನಗುತ್ತಾ ಎರಡು ಹೆಸರು ಬರೆದರು. ದೇವೀರಮ್ಮ ಪಟ್ಟಿಗೆ ಸೇರಿದಳು. ಸೇರಿದ ಖುಷಿಯಲ್ಲೇ ಕಟ್ಟೆಯ ಎರಡು ತುದಿಯಲ್ಲಿ ಮುಖ ತಿರುಗಿಸಿ ಕೂತಿದ್ದ ಮುಂದಾಳುಗಳನ್ನು ನೋಡಿದಳು.

“ನಾವು ಗಂಡನ ಎಸರು ಯೋಳಲ್ಲ, ಅದಕ್ಕೊಂದು ಕಾರ್ಣ ಅದೆ. ನೀವ್ಯಾಕೆ ಒಬ್ಬರೊಬ್ಬರ ಎಸರು ಎತ್ತಲ್ಲ? ನೀವೇನು ಒಬ್ಬರ ಕೈಲೊಬ್ಬರು ತಾಳಿ ಕಟ್ಟುಸ್ಕಂಡಿದ್ದೀರಾ?”

ಚಾವಡಿ ಹಾರಿಹೋಗುವ ಹಾಗೆ ಜನ ನಕ್ಕರು. ಸುಬ್ಬಯ್ಯ ಮಾತ್ರ ಟವಲಿನಲ್ಲಿ ಮುಖ ಮುಚ್ಚಿಕೊಂಡ. ಬಸವಯ್ಯನಿಗೆ ರೋಷ ಬಂತು. “ನಂಗೇನು ನಾಚ್ಕೆ? ಕೆಂಪನಂಜಪ್ಪನೋರೇ ನಿಂತ್ಕಳ್ಲಿ!” ಎಂದುಬಿಟ್ಟ. ಕೆಂಪನಂಜಪ್ಪ ಕಮ್ಮಿಯೇ? “ನಿಂತ್ಕಂಡ್ರೆ ಬಸವಯ್ಯನೋರೇ ನಿಂತ್ಕಬೇಕು!” ಎಂದ. ಅಷ್ಟು ದಿನ ‘ನಾನು, ನಾನು’ ಎಂದು ಬಿಗಿದಿದ್ದವರು ಈಗ ‘ನೀವು, ನೀವು’ ಎಂದು ಜಗಳಕ್ಕೆ ನಿಂತರು. ಬಿಡಿಸಿದ್ದು ಕೆಂಪಾಜಮ್ಮ.

“ಬಸವಯ್ಯನೋರೇ ನಿಂತ್ಕಳ್ಲಿ. ನಮ್ಮನೇವ್ರು ಗೆದ್ದು ಮದ್ರಾಸಿಗೆ ಓಗಿ ಕುಂತ್ರೆ ಅಜ್ಜೀಪುರದ ಗದ್ದೆಗೆ ನೀರು ಕಟ್ಟೋರು ಯಾರು?”

ಹಾಗೆ ಎರಡು ಪಕ್ಷ ಒಂದಾಯಿತು. ತಕ್ಕಡಿಯವರು ಹನೂರು ಸೀಮೆಯಲ್ಲಿ ದೀಪದ ಪರವಾಗಿ ಓಡಾಡಿದರು. ಹಾಸು ಎದ್ದ ಮೇಲೇ ಗಾಡಿ ಬರಬೇಕು, ಕಾಯಿಲೆಯವರಿದ್ದರೆ ಹಾಸು ಬಿಚ್ಚಬೇಕು ಎಂದು ಬೀದಿಗಳ ನಡುವೆಯೂ ಒಪ್ಪಂದವಾಯಿತು.

ಓಟಿನ ವಾರ ಬಣ್ಣದ ಬಾನಿಗೆ ಕೈ ಹಾಕಬಾರದೆಂದು ಸುಬ್ಬಯ್ಯ ಆಜ್ಞೆ ಮಾಡಿದ. ಬೆರಳಿನ ಬಣ್ಣ ನೋಡಿ, ಆಗಲೇ ಶಾಯಿ ಹಚ್ಚಿಸಿಕೊಂಡವಳೆಂದು ವಾಪಸು ಕಳಿಸಿದರೆ ಎಂದು ಅವನಿಗೆ ಹೆದರಿಕೆ. ದೇವೀರಮ್ಮ ಬೆರಳುಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ತೊಳೆದು, ಮದುವೆಯ ಸೀರೆ ಉಟ್ಟು, ಕೆಂಪಾಜಮ್ಮನ ಗಾಡಿಯಲ್ಲೇ ಹೋದಳು. ಒಳಗೆ ಅಧಿಕಾರಿ ಪಟ್ಟಿ ನೋಡಿ ಕೂಗಿದರು.

“ದೇವೀರಮ್ಮ!”

ಯಾರೂ ಹೋಗಲಿಲ್ಲ.

“ದೇವೀರಮ್ಮ ಯಾರು?”

ದೇವೀರಮ್ಮನೂ ಯಾರಿರಬಹುದೆಂದು ಹಿಂದೆ ತಿರುಗಿ ನೋಡಿದಳು. ಕೆಂಪಾಜಮ್ಮ ಬೆನ್ನಿಗೆ ತಿವಿದಳು: “ನಿನ್ನೇ ಕಣವ್ವ ಕೂಗ್ತಿರೋದು! ಓಗು!”

ಅವಳು ಹೋದಳು. ದೀಪದ ಚಿತ್ರ ಅಂಟಿಸಿದ ಪೆಟ್ಟಿಗೆಗೆ ಚೀಟಿ ಹಾಕಿ, ಬಿತ್ತೋ ಇಲ್ಲವೋ ಎಂದು ಪೆಟ್ಟಿಗೆಗೆ ಕಿವಿಗೊಟ್ಟು ಕೇಳಿದಳು.

ಬಸವಯ್ಯ ಗೆಲ್ಲಲಿಲ್ಲ. ಒಂದಾಗಿದ್ದು ತಡವಾಯಿತು, ದೂರದ ಹಳ್ಳಿಗಳಿಗೆ ಸುದ್ದಿಯೇ ಮುಟ್ಟಿರಲಿಲ್ಲ ಎಂದು ಕಟ್ಟೆಯ ಮೇಲೆ ಮಾತಾಯಿತು. ಈ ಸಲ ಇಬ್ಬರು ಮುಂದಾಳುಗಳೂ ಒಂದೇ ತುದಿಯಲ್ಲಿ ಕೂತು ಮಾತಾಡಿದರು. ಮನೆಯಲ್ಲಿ ಸುಬ್ಬಯ್ಯ ಸಪ್ಪೆ ಮುಖ ಮಾಡಿಕೊಂಡು ಗುಂಡಿಗಿಳಿದ. ಸ್ವಲ್ಪ ಹೊತ್ತಾದ ಮೇಲೆ ಬಾಯಾರಿತು.

“ಲೇ ಇವ್ಳೇ.”

ರಾಟೆ ನಿಲ್ಲಲಿಲ್ಲ.

“ಲೇ, ನೀರು.”

ರಾಟೆ ಇನ್ನೂ ಜೋರಾಗಿ ತಿರುಗಿತು. ಸುಬ್ಬಯ್ಯ ಆಚೆ ಈಚೆ ನೋಡಿ, ಗಂಟಲು ಸರಿಮಾಡಿಕೊಂಡ.

“ದೇವೀರಮ್ಮ, ಒಂದು ಚೊಂಬು ನೀರು ಕೊಡ್ತೀಯಾ?”

ನೀರು ಬಂತು. ಜೊತೆಗೆ ಒಂದು ಚೂರು ಬೆಲ್ಲವೂ ಬಂತು.

ಇದಾಗಿ ಎರಡು ವರ್ಷವಾಗಿದೆ. ನಾನು ಕೇಳಿದ್ದನ್ನು ಕೇಳಿದ ಹಾಗೆ ಬರೆದಿದ್ದೇನೆ, ಗುಮಾಸ್ತರ ಹೆಸರು ಮಾತ್ರ ಯಾರಿಗೂ ನೆನಪಿರಲಿಲ್ಲ. ನಾಳೆ ಅತ್ತೆಯ ಮನೆಯಲ್ಲಿ ಬಣ್ಣದ ಬಾನಿ ತೊಳೆಯುವ ಸರದಿ ನನ್ನದು. ತೊಳೆದಾದ ಮೇಲೆ ಅತ್ತೆಯನ್ನೂ ಕೆಂಪಾಜಮ್ಮನವರನ್ನೂ ಜಗಲಿಯಲ್ಲಿ ಕೂರಿಸಿ ಇದನ್ನು ಓದಿ ಹೇಳುತ್ತೇನೆ.