ನಾನು ತೆಗೆದುಹಾಕಿದ ಕ್ರಮಸಂಖ್ಯೆ

ಹೊನ್ನಾವರ ಬಂದರಿನ ಪಕ್ಕದ ಬಾಡಿಗೆ ಕೋಣೆಯೊಂದರಲ್ಲಿ ನಾವಿಬ್ಬರು ಎಂಜಿನಿಯರುಗಳು, ಮೀನು ಹಿಡಿಯುವ ಬೋಟು ಎಲ್ಲಿದೆ ಎಂದು ತೋರಿಸುವ ವ್ಯವಸ್ಥೆ ಕಟ್ಟುತ್ತಿದ್ದೆವು. ಕಂಪ್ಯೂಟರಿನಲ್ಲಿ ಎರಡು ಪ್ರೋಗ್ರಾಂ. ಒಂದು, ಬೋಟಿನಲ್ಲಿಟ್ಟ ನಮ್ಮ ಯಂತ್ರದಿಂದ ರೇಡಿಯೊದಲ್ಲಿ ಬಂದ ಸಂದೇಶವನ್ನು ಎರಡಕ್ಕೂ ಸೇರಿದ ಮೆಮೊರಿಯಲ್ಲಿ ಬರೆದಿಡುತ್ತದೆ. ಇನ್ನೊಂದು ಅದನ್ನು ಓದಿ ನಕ್ಷೆಯ ಮೇಲೆ ಚುಕ್ಕಿ ಇಡುತ್ತದೆ. ಪ್ರತಿ ಸಂದೇಶದ ತಲೆಗೆ ಒಂದು ಹೆಡರ್: ಯಾವ ಬೋಟು, ಸಂದೇಶ ಎಷ್ಟು ಉದ್ದ, ಎಷ್ಟನೆಯದು. ಆ ಕೊನೆಯದನ್ನು, ಕ್ರಮಸಂಖ್ಯೆಯನ್ನು, ನಾನೇ ತೆಗೆದುಹಾಕಿದ್ದೆ.

"ಇರ್ಲಿ ಬಿಡು, ಎಂಟು ಬೈಟಿಗೆ ಎಂತ ಜಿಪುಣತನ?" ಎಂದಿದ್ದ ಜೊತೆಗಾರ. ಹೆಡರ್ ಚಿಕ್ಕದಾದಷ್ಟೂ ಚೆಂದ ಎಂಬ ಹಟ ನನ್ನದು.

ಪರೀಕ್ಷೆಗೆಂದು ಮಾವಿನಕುರ್ವೆಯ ಅಕ್ಕ ಒಬ್ಬಳು ತನ್ನ ಬೋಟು ಕೊಟ್ಟಿದ್ದಳು. ಅದರಲ್ಲಿ ಅವಳ ಗಂಡ, ಜೊತೆಗೆ ಮೂವರು ಕೆಲಸದವರು. ಒಂದು ಮಧ್ಯಾಹ್ನ ಗಾಳಿ ಎದ್ದಿತು. ಅಕ್ಕ ಮೀನು ಮಾರಿ, ಖಾಲಿ ಬುಟ್ಟಿ ಸಮೇತ ಕೋಣೆಗೆ ಬಂದಳು.

"ಎಲ್ಲಿದ್ದಾರೆ?"

"ಧಾರೇಶ್ವರದ ಎದುರಿಗೆ. ಲಂಗರು ಹಾಕಿ ನಿಂತಿದ್ದಾರೆ, ಹೆದರ್ಬೇಡ ಅಕ್ಕ" ಎಂದೆ.

ಅವಳು ಪರದೆಯನ್ನೇ ನೋಡುತ್ತ ನಿಂತಳು. "ಎಂತ ತಂಗಿ ಇದು? ಲಂಗರು ಹಾಕಿದ್ರೂ ಇಂಥ ಗಾಳಿಗೆ ಬೋಟು ಅತ್ತಿತ್ತ ಸರೀತದೆ. ಇದು ಮೊಳೆ ಹೊಡೆದಂಗೆ ನಿಂತದೆ."

ಬೋಟು ಇರುವ ಜಾಗದ ಅಂಕಿಗಳನ್ನು ನೋಡಿದೆ. ಕೊನೆಯ ಅಂಕಿ ಕೂಡ ಅರ್ಧ ಗಂಟೆಯಿಂದ ಬದಲಾಗಿಲ್ಲ. ಬರೆಯುವ ಪ್ರೋಗ್ರಾಂ ಯಾವಾಗಲೋ ನಿಂತುಹೋಗಿತ್ತು. ಓದುವ ಪ್ರೋಗ್ರಾಂ ಅದೇ ಹಳೆಯ ಸಂದೇಶವನ್ನು ಮತ್ತೆ ಮತ್ತೆ ಓದಿ, ಹೊಸದೆಂದೇ ಚುಕ್ಕಿ ಇಡುತ್ತಿತ್ತು. ಕ್ರಮಸಂಖ್ಯೆ ಇದ್ದಿದ್ದರೆ ಅದು ಏರದಿರುವುದು ಕಂಡು ಎಚ್ಚರಿಕೆ ಕೊಡಬಹುದಿತ್ತು.

ನಿಂತದ್ದನ್ನು ಮತ್ತೆ ಶುರು ಮಾಡಿದೆ. ಚುಕ್ಕಿ ಒಮ್ಮೆಲೇ ದಡದ ಬಂಡೆಗಳ ಹತ್ತಿರಕ್ಕೆ ಜಿಗಿಯಿತು.

"ಲಂಗರು ಕಿತ್ತು ಬಂದದೆ. ಎಂಜಿನ್ನೂ ಕೆಟ್ಟಿರ್ಬೇಕು" ಎಂದಳು ಅಕ್ಕ. ಧ್ವನಿ ಏರಲಿಲ್ಲ. ಬುಟ್ಟಿಯನ್ನು ಮಾತ್ರ ಎದೆಗೆ ಒತ್ತಿ ಹಿಡಿದಿದ್ದಳು.

ಜೊತೆಗಾರ ವಯರ್‌ಲೆಸ್‌ನಲ್ಲಿ ಕೂಗಿದ. ಅವರಿಂದ ಉತ್ತರವಿಲ್ಲ. ನಾನು ಜಾಗದ ಅಂಕಿಗಳನ್ನು ಓದುತ್ತ ಹೋದೆ, ಅವನು ಸುತ್ತಲಿನ ಬೋಟುಗಳಿಗೆ ಹೇಳುತ್ತ ಹೋದ. ಕುಮಟಾ ಕಡೆಯ ಬೋಟೊಂದು ಅವರತ್ತ ತಿರುಗಿತು. ಇಪ್ಪತ್ತು ನಿಮಿಷದ ಮೇಲೆ ವಯರ್‌ಲೆಸ್‌ನಲ್ಲಿ ಆ ಬೋಟಿನವರ ಧ್ವನಿ ಬಂತು.

"ಸಿಕ್ಕಿದ್ರು. ಹಗ್ಗ ಕಟ್ಟಿ ಆತು. ನಾಲ್ವರೂ ಸಮಾ ಇದ್ದಾರೆ."

ಅಕ್ಕ ನೆಲದ ಮೇಲೆ ಕೂತುಬಿಟ್ಟಳು. ನಾನು ಅವಳೆದುರು ಕೂತು, "ತಪ್ಪು ನಂದು ಅಕ್ಕ. ಬೇಕಾದ್ದನ್ನೇ ತೆಗೆದುಹಾಕಿದ್ದೆ" ಎಂದೆ.

"ಹಂಗಾದ್ರೆ ಮೊದ್ಲು ಅದನ್ನ ಸರಿ ಮಾಡು" ಎಂದಳು, ನನ್ನ ಮುಖ ನೋಡದೆ.

ಅವತ್ತೇ ಕ್ರಮಸಂಖ್ಯೆ ಸೇರಿಸಿದೆ, ಜೊತೆಗೆ ಪ್ರತಿ ಸಂದೇಶ ಬರೆದ ಸಮಯವನ್ನೂ. ಅವಳ ಗಂಡ ಮಾತ್ರ ಒಂದು ತಿಂಗಳು ನಮ್ಮ ಯಂತ್ರವನ್ನು ಬೋಟಿಗೆ ಹತ್ತಿಸಲಿಲ್ಲ. ಹತ್ತಿಸಿ ಎಂದು ಕೇಳುವ ಧೈರ್ಯ ನನಗೂ ಬರಲಿಲ್ಲ.