ಜೇಬಿನ ಮುಚ್ಚಳದ ಕೆಳಗಿನ ಪದಕ

ಆತ್ಮ, ಅಶರೀರವಾಣಿ ಎಂದರೆ ನಗುತ್ತಿದ್ದವಳು ನಾನು. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ಸೂಪರ್‌ಸ್ಟಿಷನ್ ಎಂಬ ಪದವನ್ನು ಮೂಗು ಮುರಿದೇ ಹೇಳುತ್ತಿದ್ದರು. ಮೂಗು ಮುರಿಯುವುದನ್ನು ನಾನೂ ಚೆನ್ನಾಗಿ ಕಲಿತಿದ್ದೆ. ಐದು ವರ್ಷದ ಹಿಂದಿನ ಒಂದು ಮಧ್ಯಾಹ್ನದಿಂದ ನಗುವುದನ್ನು ಬಿಟ್ಟಿದ್ದೇನೆ. ನಂಬುತ್ತೇನೆ ಎಂದೂ ಹೇಳಲಾರೆ.

ನಾನಿರುವ ಮಗಳ ಮನೆ ಹೊರದೇಶದಲ್ಲಿ, ನಾರ್ತ್ ಕ್ರೀಕ್ ಎಂಬ ಊರಿನಲ್ಲಿ. ಪಕ್ಕದ ಟೌನ್‌ಹೌಸಿನಲ್ಲಿ ವೇರಾ ಎಂಬ ರಷ್ಯನ್ ಮುದುಕಿ, ಮೊಮ್ಮಗಳು ಆನ್ಯಾ ಜೊತೆ ಇದ್ದಳು. ಅವಳಿಗೆ ಇಂಗ್ಲಿಷ್ ಬಾರದು, ನನಗೆ ರಷ್ಯನ್ ಬಾರದು; ನಡುವೆ ಆನ್ಯಾಳೇ ದುಭಾಷಿ. ಆದರೂ ಸ್ನೇಹವಾಯಿತು; ಇಬ್ಬರೂ ಆರ್ಮಿಯವರ ಹೆಂಡತಿಯರಲ್ಲವೇ? ತೀರಿಕೊಂಡ ನನ್ನವರು ಕರ್ನಲ್ ಆಗಿ ರಿಟೈರ್ ಆದವರು. ಅವಳ ಗಂಡ ಜನರಲ್. ಟ್ಯಾಂಕ್ ಪಡೆಯ ಲೆಫ್ಟಿನೆಂಟ್ ಆಗಿ ಸೇರಿ, ಸೈಬೀರಿಯಾದ ಹಿಮದಲ್ಲಿ ಬೆಟಾಲಿಯನ್, ಆಮೇಲೆ ಡಿವಿಷನ್, ಕೊನೆಗೆ ಒಂದು ಇಡೀ ಮಿಲಿಟರಿ ಡಿಸ್ಟ್ರಿಕ್ಟನ್ನೇ ಕಮಾಂಡ್ ಮಾಡಿದವರು. ಹತ್ತೊಂಬತ್ತು ಸಲ ಮನೆ ಬದಲಿಸಿದೆವು ಎಂದು ವೇರಾ ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದಾಗ, ನಾನೂ ಬೆರಳು ಮಡಿಸಿ ನಮ್ಮ ಪೋಸ್ಟಿಂಗ್‌ಗಳನ್ನು ಎಣಿಸಿದೆ. ಹದಿಮೂರು. ವೇರಾ ಗೆದ್ದಳು.

ಪ್ರತಿ ವರ್ಷ ಜನರಲ್ ತೀರಿಕೊಂಡ ದಿನ ಅವರ ಯೂನಿಫಾರ್ಮ್ ಕೋಟನ್ನು ಪದಕಗಳ ಸಮೇತ ಕುರ್ಚಿಗೆ ಹಾಕಿ, ಎದುರಿಗೆ ಲೋಟವೊಂದರ ಮೇಲೆ ಬ್ರೆಡ್ ತುಂಡು ಇಡುವುದು ಅವರ ಮನೆಯ ಪದ್ಧತಿ. ನಮ್ಮಲ್ಲಿ ಎಡೆ ಇಡುವುದಿಲ್ಲವೇ, ಹಾಗೆ. ನಾನು ಹೇಳಿದ ಆ ವರ್ಷ ಡ್ರೈ ಕ್ಲೀನಿಂಗಿನವರು ಪದಕಗಳನ್ನೆಲ್ಲ ಬಿಚ್ಚಿ ಒಂದು ಪ್ಲಾಸ್ಟಿಕ್ ಚೀಲಕ್ಕೆ ಸುರಿದು ಕೊಟ್ಟಿದ್ದರು. ವೇರಾಳ ಕಣ್ಣು ಆಗಲೇ ಹೋಗಿತ್ತು. ತಪ್ಪಾಗಿ ಡ್ರೆಸ್ ಮಾಡಿಕೊಂಡು ಅವರು ಯಾವ ಪೆರೇಡಿಗೂ ಹೋದವರಲ್ಲ ಎಂದು ಅಳುತ್ತ, ಚೀಲದೊಳಗೆ ಮತ್ತೆ ಮತ್ತೆ ತಡಕುತ್ತಿದ್ದಳು. ಏನು ಬೇಕು ಎಂದರೆ ಹೇಳಳು.

ಗೋಡೆಯ ಮೇಲಿದ್ದ ಜನರಲ್ ಫೋಟೋ ನೋಡಿ ಯಾವ ಪದಕ ಎಲ್ಲಿ ಎಂದು ಆನ್ಯಾ ಹೇಳುತ್ತ ಹೋದಳು, ನಾನು ಚುಚ್ಚುತ್ತ ಹೋದೆ. ಪ್ರತಿ ರಿಪಬ್ಲಿಕ್ ಡೇ ನನ್ನವರ ಎದೆಗೆ ಪದಕ ಚುಚ್ಚಿದ ಕೈ ಇದು. ಕೊನೆಗೆ ಒಂದು ಸಣ್ಣ ಪದಕ ಉಳಿಯಿತು. ಫೋಟೋದಲ್ಲಿ ಅದು ಇರಲೇ ಇಲ್ಲ.

ಆಗ ಕಿವಿಯ ಹತ್ತಿರ ಒಂದು ಗಂಡು ದನಿ, ಆರ್ಡರ್ ಕೊಟ್ಟು ರೂಢಿಯಿದ್ದವರ ಸಮಾಧಾನದಲ್ಲಿ, "ಅದು ಒಳಗೆ" ಎಂದಿತು. ನಾನು ಯೋಚಿಸಲೂ ಇಲ್ಲ. ಎಡಜೇಬಿನ ಮುಚ್ಚಳವೆತ್ತಿ, ಹೊರಗೆ ಕಾಣದ ಹಾಗೆ ಅದರಡಿ ಚುಚ್ಚಿದೆ.

ವೇರಾ ಬಂದು ಕೋಟನ್ನು ತಡವಿದಳು. ಬೆರಳು ಜೇಬಿನ ಮುಚ್ಚಳದ ಕೆಳಗೆ ಹೋಗಿ ನಿಂತಿತು. ಏನೋ ಕೇಳಿದಳು.

"ಶೀ ಈಸ್ ಆಸ್ಕಿಂಗ್, ಹೂ ಟೋಲ್ಡ್ ಯೂ?" ಎಂದಳು ಆನ್ಯಾ. ಆ ಪದಕದ ವಿಷಯ ಅವಳಿಗೂ ಏನೂ ಗೊತ್ತಿರಲಿಲ್ಲ. ಕಿವಿಗೆ ಬಿದ್ದ ಗಂಡು ದನಿಯ ವಿಷಯ ಹೇಳಿದೆ.

ಯಾರಿಗೂ ಹೇಳುವುದಿಲ್ಲವೆಂದು ವೇರಾ ಗಂಡನಿಗೆ ಮಾತು ಕೊಟ್ಟಿದ್ದಳಂತೆ. ಅವರೇ ಹೇಳಿದ ಮೇಲೆ ನಾನು ಮುಚ್ಚಿಡುವುದೇನು ಎಂದು ಆಗ ಬಾಯಿ ಬಿಟ್ಟಳು. ಅದು ಅವರಿಗೆ ಸಿಕ್ಕ ಮೊದಲ ಪದಕ. ನದಿಯ ಮೇಲಿನ ಮಂಜುಗಡ್ಡೆ ಒಡೆದು ಟ್ಯಾಂಕ್ ಮುಳುಗಿದಾಗ ಇಬ್ಬರನ್ನು ಎಳೆದು ತಂದಿದ್ದರು, ಡ್ರೈವರನನ್ನು ತರಲಾಗಲಿಲ್ಲ. ಆಮೇಲೆ ಎಷ್ಟು ದೊಡ್ಡ ಪದವಿಗೆ ಏರಿದರೂ ಅದನ್ನು ಯಾರಿಗೂ ತೋರಿಸದೆ ಧರಿಸಿದರು. ಅಂಥ ಸೋಲ್ಜರ್‌ನ ಕೋಟನ್ನು ನನ್ನ ಕೈ ಸಿದ್ಧಮಾಡಿತು ಎಂಬುದು ನನಗೆ ಇವತ್ತಿಗೂ ಹೆಮ್ಮೆ.

"ಹಳೇ ಪಿನ್ನಿನ ತೂತು ಬೆರಳಿಗೆ ಸಿಕ್ಕಿರತ್ತೆ ಕಣಮ್ಮ, ಅಷ್ಟೇ," ಎಂದಳು ನನ್ನ ಮಗಳು. ಇರಬಹುದು. ಆದರೆ ಮುಚ್ಚಳ ಎತ್ತುವ ಮೊದಲೇ ದನಿ ಕೇಳಿಸಿತ್ತು. ಆ ಮಾತು ರಷ್ಯನ್ ಆಗಿದ್ದರೆ ನನಗೆ ತಿಳಿಯುತ್ತಿರಲಿಲ್ಲ. ನನ್ನವರದು ಎನ್ನೋಣವೆಂದರೆ, ಅವರ ದನಿಯನ್ನು ನಾನು ಗುರುತಿಸದೆ ಇರುತ್ತೇನೆಯೇ?

ಕಳೆದ ವರ್ಷ ವೇರಾ ಹೋದಳು. ಕೋಟಿಗೆ ಪದಕ ಚುಚ್ಚುವ ಕೆಲಸ ಈಗ ನನ್ನದು. ಕೊನೆಯದನ್ನು ಕೈಗೆತ್ತಿಕೊಂಡು ಒಂದು ಗಳಿಗೆ ಕಾಯುತ್ತೇನೆ. ಯಾರೂ ಏನೂ ಹೇಳುವುದಿಲ್ಲ.