ಬಿಸಿನೀರಿನ ಮಾಘಸ್ನಾನ

ಯಾರಾದರೂ ತರಕಾರಿ ಬೀಜದ ಮಾತೆತ್ತಿದರೆ ನಾನು ನೀರು ಕುಡಿಯುವ ನೆಪದಲ್ಲಿ ಮೆಲ್ಲನೆ ಒಳಕ್ಕೆ ಹೋಗಿಬಿಡುತ್ತೇನೆ. ಕಾರಣವನ್ನು ನಿಮ್ಮೊಬ್ಬರಿಗೇ ಹೇಳುತ್ತೇನೆ, ನಗಬೇಡಿ.

ಆಗ ನಾನು ಹನಗೋಡಿನಲ್ಲಿ ಮೇಷ್ಟ್ರು. ಮಹಾರಾಜರ ಸರ್ಕಾರದ ಕೆಲಸ, ತಲೆಗೊಂದು ರುಮಾಲು, ಇರಲು ನಿಂಗಮ್ಮನೆಂಬ ಬೇಸಾಯದ ಹೆಂಗಸಿನ ಮನೆಯಲ್ಲಿ ಒಂದು ಕೋಣೆ. ಲಕ್ಷ್ಮಣತೀರ್ಥ ಕೂಗಳತೆಯಲ್ಲೇ ಹರಿಯುತ್ತಿತ್ತು. ಮಾಘಮಾಸದ ಹೊಳೆಸ್ನಾನ ಎಷ್ಟು ಪುಣ್ಯವೆಂದು ಊರಿಗೆಲ್ಲ ಹೇಳುತ್ತಿದ್ದವನೂ ನಾನೇ, ಚಳಿಗೆ ಹೆದರಿ ಹಂಡೆಯ ಬಿಸಿನೀರಿಗೆ ಶರಣಾಗುತ್ತಿದ್ದವನೂ ನಾನೇ. ಒಂದು ಬೆಳಿಗ್ಗೆ ಸೌದೆ ತೀರಿತ್ತು. ಹಿತ್ತಿಲ ಗೋಡೆಯ ಮೇಲೆ, ಸೂರಿನಡಿ, ನಾಲ್ಕು ಬೆರಣಿ ಕಂಡವು. ಕಿತ್ತು ಬಚ್ಚಲೊಲೆಗೆ ಹಾಕಿದೆ. ಪಟಪಟ ಸದ್ದಾಯಿತು. ಚೆನ್ನಾಗಿ ಒಣಗಿವೆ ಎಂದು ಮೆಚ್ಚಿಕೊಂಡು ಸ್ನಾನ ಮುಗಿಸಿದೆ.

ಅವು ಬೆರಣಿಯಲ್ಲ. ಹುಳು ಹಿಡಿಯದಿರಲೆಂದು ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟಿದ್ದ ಸೋರೆ ಬೀಜ. ನಿಂಗಮ್ಮ ಮದುವೆಯಾಗಿ ಬರುವಾಗ ತವರಿಂದ ತಂದು ವರ್ಷ ವರ್ಷವೂ ಉಳಿಸಿಕೊಂಡು ಬಂದ ತಳಿ. ಈ ಪದ್ಧತಿ ನನಗೆ ತಿಳಿಯದೆಂದಲ್ಲ. ಹಿಂದಿನ ವಾರವಷ್ಟೇ ಬೀಜ ಕಾಪಾಡುವ ಪಾಠ ಮಾಡಿ, ಬೋರ್ಡಿನ ಮೇಲೆ ಅದರ ಚಿತ್ರವನ್ನೂ ಬರೆದಿದ್ದೆ.

ಶಿವರಾತ್ರಿ ಹತ್ತಿರವಾಯಿತು. ಆಕೆ ಪಾತಿ ಅಗೆದು, ಗೊಬ್ಬರ ಬೆರೆಸಿ, ಬೀಜಕ್ಕೆಂದು ಬಂದು ಬರಿಗೋಡೆಯ ಮುಂದೆ ನಿಂತಳು.

"ಮೇಷ್ಟ್ರೇ, ಇಲ್ಲಿದ್ದ ಬಿತ್ತ ಏನಾರ ಕಂಡ್ರಾ? ನಮ್ಮವ್ವನ ಕಾಲದ್ದು ಕಣ್ರೀ."

ನನಗೆ ಆಗ ಹೊಳೆಯಿತು. ಹೊಳೆದ ಮೇಲೂ, "ಇಲಿ ಎಳಕೊಂಡು ಹೋಗಿರಬೇಕು ನಿಂಗಮ್ಮ" ಎಂದೆ. ಸುಳ್ಳು ಹೇಳಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುವ ಮನುಷ್ಯ ನಾನು. ನಾಚಿಕೆಯಿಂದ ಎರಡು ದಿನ ಅನ್ನ ಸೇರಲಿಲ್ಲ. ಹೇಳಿಬಿಡೋಣವೆಂದು ಹಿತ್ತಿಲಿಗೆ ಹೋದವನು, ಈ ಸಲ ಮಂಜು ಜಾಸ್ತಿ ಎಂದು ಹೇಳಿ ವಾಪಸು ಬಂದೆ.

ಕೊನೆಗೆ ಆಕೆ ಕಂಪಲಾಪುರದ ತಂಗಿಯ ಮನೆಗೆ ನಡೆದೇ ಹೋದಳು. ಹಿಂದೊಮ್ಮೆ ತಂಗಿಗೆ ಅದೇ ತಳಿ ಕೊಟ್ಟಿದ್ದಳಂತೆ. ಮಾರನೆಯ ಸಂಜೆ ಒಂದು ಹಿಡಿ ಬೀಜ ಸೆರಗಿನಲ್ಲಿ ಕಟ್ಟಿಕೊಂಡು ಬಂದವಳು, ಅದರಲ್ಲಿ ನಾಲ್ಕನ್ನು ಎಣಿಸಿ ನನ್ನ ಅಂಗೈಗೆ ಹಾಕಿದಳು.

"ನೀವೂ ಒಂದು ಪಾತಿ ಮಾಡ್ಕಳಿ ಮೇಷ್ಟ್ರೇ. ಬಚ್ಚಲೊಲೆ ತಾವ ಮಾತ್ರ ಮಡಗಬ್ಯಾಡಿ. ಇಲಿ ಇರಾದು ಅಲ್ಲೇಯ."

ಮರುದಿನ ಹೊಳೆಗೇ ಸ್ನಾನಕ್ಕೆ ಹೋದೆ. ಅಂಥ ತಣ್ಣೀರಿನಲ್ಲಿ ಕುತ್ತಿಗೆಯವರೆಗೆ ನಿಂತರೂ ಮುಖದ ಬಿಸಿ ಆರಲಿಲ್ಲ.